ಜುಂಜಣ್ಣನ ಭುಜಕ್ಕೊಂದು ಟೋಪಿ

ತೋಳು ಬಿದ್ದರೆ ಆಳಿಗೊಂದು ಸಲಹೆ. ಗಾದೆಯಲ್ಲಿರುವುದು ತೋಳ, ಅದರ ಮೇಲೆ ಬೀಳುವುದು ಕಲ್ಲು ಎಂದು ತಿದ್ದಲು ಬಂದವರು ಹಿರಿಯೂರು ತಾಲ್ಲೂಕಿನ ಹರಿಯಬ್ಬೆಗೆ ಹೋಗಿ ಜುಂಜಣ್ಣನನ್ನೇ ಕೇಳಲಿ. ಜೀವಮಾನವಿಡೀ ತೋಳ ಓಡಿಸಿದ ಕುರಿಗಾಹಿ ಅವನು. ತೋಳ ಒಂದೂ ಬೀಳಲಿಲ್ಲ, ಬಿದ್ದದ್ದು ತೋಳೇ. ಇದು ನಡೆದ ಕಥೆ. ಬೇಕಾದರೆ ಕುರಿಗಳ ಮೇಲೆ ಆಣೆ. ಅವು ಸುಳ್ಳು ಹೇಳುವುದಿಲ್ಲ, ಹೇಳಿದರೂ "ಬ್ಯಾ" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತವೆ.

ನಲವತ್ತು ವರ್ಷ ಜುಂಜಣ್ಣ ದೋಟಿ ಎತ್ತಿದ್ದ. ತುದಿಗೆ ಕೊಕ್ಕೆ ಕಟ್ಟಿದ ಉದ್ದನೆಯ ಬಿದಿರಿನ ಗಳ ಅದು. ಜಾಲಿಯ ಕೊಂಬೆಗೆ ಸಿಕ್ಕಿಸಿ ಅಲುಗಿಸಿದರೆ ಕಾಯಿ ಉದುರುತ್ತವೆ, "ಹ್ರ್ರ್ರೋ, ಬಾ ಬಾ ಬಾ" ಎಂದರೆ ಕುರಿಗಳು ಓಡಿ ಬಂದು ಮುಕ್ಕುತ್ತವೆ. ಮರದಿಂದ ಕಾಯಿ ಉದುರಿದ ಹಾಗೆಯೇ ಅವನ ಬಲಭುಜದೊಳಗಿನ ನುಣುಪೂ ಉದುರುತ್ತಾ ಬಂದಿತ್ತು. ಈಗ ಕೈ ಎದೆಮಟ್ಟಕ್ಕೆ ಬರುವಷ್ಟರಲ್ಲಿ ಒಳಗೆ ಬೀಸುಕಲ್ಲು ತಿರುಗಿದಂತೆ ಗರಗರ. ತಲೆಗೆ ರುಮಾಲು ಸುತ್ತಲೂ ಹೆಂಡತಿ ಗಂಗಕ್ಕನೇ ಬರಬೇಕು.

ಎಕ್ಕದ ಎಲೆ ಕಾಯಿಸಿ ಕಟ್ಟು ಎಂದರು. ಬರೆ ಹಾಕಿಸು ಎಂದರು. ನೆರೆಮನೆಯ ಎತ್ತಪ್ಪ ಮಾತ್ರ ಬೇರೆ ಔಷಧಿ ಹೇಳಿದ. "ಕುರಿ ನನ್ ಹಿಂಡಿಗೆ ಬಿಡು ಜುಂಜಣ್ಣ. ನೀನು ಕಟ್ಟೆ ಮ್ಯಾಲೆ ತಣ್ಣಗೆ ಕುಂತ್ಕ."

ಭುಜಕ್ಕಿಂತ ಹೆಚ್ಚು ನೋಯಿಸಿದ್ದು ಆ ಮಾತು. ಕುರಿ ಕೊಟ್ಟ ಮೇಲೆ ಕಟ್ಟೆಯ ಮೇಲೆ ಕೂರುವವನು ಯಾರು? ಜುಂಜಣ್ಣ ಅಂತೂ ಅಲ್ಲ, ಅವನ ಅಂಗಿ ಇರಬಹುದು.

ಅವನನ್ನು ಚಿತ್ರದುರ್ಗದ ಆಸ್ಪತ್ರೆಗೆ ಕರೆದೊಯ್ದವನು ಅಕ್ಕನ ಮಗ ಜುಂಜೇಶ್. ಬಿ.ಎ. ಓದಿ ಹಿರಿಯೂರಿನ ಹೈವೇ ಪಕ್ಕದ ಸವೆದ ಟಯರಿಗೆ ಹೊಸ ರಬ್ಬರ್ ಪಟ್ಟಿ ಅಂಟಿಸುವ ರೀಸೋಲ್ ಅಂಗಡಿಯಲ್ಲಿದ್ದ ಈ ಹುಡುಗನ ಗಂಟಲಲ್ಲಿ ಇಡೀ ತಾಲ್ಲೂಕೇ ವಾಸವಾಗಿತ್ತು: ಬಸ್ಸಿನ ಕಂಡಕ್ಟರು, ಕಾಲೇಜಿನ ಪ್ರಿನ್ಸಿಪಾಲರು, ಮೊಟ್ಟೆಯಿಟ್ಟ ಕೋಳಿ, ಕೂಗಲು ಮರೆತ ಕುಕ್ಕರು.

ಡಾಕ್ಟರ್ ಅಂಜಲಿ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದರು. "ಕೀಲು ಪೂರಾ ಬದಲಾಯಿಸೋದು ಒಂದು ದಾರಿ. ತೋಳೆಲುಬಿನ ತುದೀಲಿರೋ ಗುಂಡು ಕತ್ತರಿಸಿ ತೆಗೆದು ಎಲುಬಿನ ಒಳಗೆ ಕಡ್ಡಿ ಇಳಿಸಬೇಕಾಗುತ್ತೆ. ನಿಮಗೆ ಅಷ್ಟು ಬೇಡ. ಎಲುಬು ಗಟ್ಟಿ ಇದೆ, ಸುತ್ತಲಿನ ಸ್ನಾಯುಗಳೂ ಚೆನ್ನಾಗಿವೆ. ಗುಂಡಿನ ಮೇಲ್ಮೈ ಮಾತ್ರ ಸವೆದಿದೆ. ಅದನ್ನ ನಯ ಮಾಡಿ ಲೋಹದ ಟೋಪಿ ಹಾಕ್ತೀವಿ."

"ಟೋಪಿ ಹಾಕ್ತೀವಿ ಅಂತ ಮಖದ ಮ್ಯಾಲೇ ಹೇಳಿದೋರು ನೀವೊಬ್ರೇ ಕಣವ್ವ," ಎಂದ ಜುಂಜಣ್ಣ.

"ಕೊಳಗ ಎಸೆಯಾದು ಬ್ಯಾಡ, ಕಲಾಯಿ ಹಾಕಿಸಿದ್ರೆ ಸಾಕು ಅಂತವ್ರೆ. ಸುಮ್ಕೆ ಒಪ್ಕ," ಎಂದಳು ಗಂಗಕ್ಕ.

ಜುಂಜೇಶನೂ ಬಾಯಿ ಹಾಕಿದ. "ಹೂಂ ಮಾವ, ನಮ್ ಅಂಗಡಿ ಕೆಲ್ಸನೇ. ಟಯರ್ ಗಟ್ಟಿ ಐತೆ, ಮ್ಯಾಲೆ ರೀಸೋಲ್ ಅಷ್ಟೇ."

ಜುಂಜಣ್ಣ ಒಪ್ಪಿದ. ರೀಸೋಲ್ ಎಂಬ ಮಾತು ಮಾತ್ರ ಮುಳ್ಳಿನಂತೆ ಒಳಗೆ ಮುರಿದು ಉಳಿಯಿತು.

ಆಪರೇಷನ್ನಿಗೆಂದು ಮತ್ತಿನ ಮದ್ದು ಕೊಟ್ಟ ಮೇಲೆ ಆಸ್ಪತ್ರೆಯ ಚಾವಣಿ ಮೆಲ್ಲಗೆ ಆಕಾಶವಾಯಿತು. ಅವನು ತನ್ನ ಭುಜದೊಳಗೇ ನಡೆಯುತ್ತಿದ್ದ. ಅಲ್ಲೊಂದು ಗುಂಡನೆಯ ಗುಡ್ಡ, ಹುಲ್ಲೆಲ್ಲ ಸವೆದು ಬೋಳಾದದ್ದು. ಕುರಿಗಳು ಸದ್ದಿಲ್ಲದೆ ಹತ್ತುತ್ತಿದ್ದವು, ಮುಂದೆ ಅವನು ಕೈತುತ್ತು ಕೊಟ್ಟು ಬೆಳೆಸಿದ ಕೆಂದಿ. ಯಾರೋ ಗುಡ್ಡವನ್ನು ಕಡಿಯದೆ, ಬೆಳದಿಂಗಳನ್ನು ತಟ್ಟಿ ಮಾಡಿದಂಥ ಒಂದು ಬೋಗುಣಿಯನ್ನು ಅದರ ತಲೆಗೆ ಕವುಚಿದರು. ಗೊರಸುಗಳು ಅದರ ಮೇಲೆ ಹೆಜ್ಜೆಯಿಟ್ಟಾಗ ಮಾರಿಕಣಿವೆಯ ನೀರಿಗೆ ಸಣ್ಣ ಕಲ್ಲು ಬಿದ್ದಂತೆ ಡುಳುಕ್, ಡುಳುಕ್. ಎಷ್ಟು ನುಣುಪು! ಕೆಂದಿ ಜಾರಿ, ಜಾರಿದ್ದೇ ಆಟವೆಂದು ಮತ್ತೆ ಹತ್ತಿತು.

ಕಣ್ಣು ಬಿಟ್ಟಾಗ ಭುಜ ಇತ್ತು, ಕೈ ಇತ್ತು, ಗಂಗಕ್ಕನೂ ಇದ್ದಳು.

ಆರು ವಾರ ಕಳೆದ ಮೇಲೆ ಡಾಕ್ಟರು ಕೈಯನ್ನು ಕೊರಳಿಗೆ ತೂಗಿದ್ದ ಜೋಳಿಗೆ ಬಿಚ್ಚಿದರು. "ಇನ್ನು ಎರಡೂ ಕೈಲಿ ಕೋಲು ಹಿಡಿದು ಎತ್ತಬೇಕು. ಎಡಗೈ ಬಲಗೈನ ಮೇಲಕ್ಕೆ ಕರ್ಕೊಂಡು ಹೋಗಲಿ. ಎತ್ತದೆ ಬಿಟ್ರೆ ಕೀಲು ಬಿಗಿದುಕೊಳ್ಳುತ್ತೆ, ಆಮೇಲೆ ದೋಟಿ ಆಸೆ ಬಿಡಬೇಕು. ಹದಿನೈದು ದಿನ ಬಿಟ್ಟು ನೋಡ್ತೀನಿ."

ಜುಂಜಣ್ಣ ಎತ್ತಲಿಲ್ಲ. ಊರಿಗೆ ಮರಳುವಾಗ ಹೈವೇ ಉದ್ದಕ್ಕೂ ಲಾರಿಗಳಿಂದ ಕಿತ್ತು ಬಿದ್ದ ರೀಸೋಲ್ ಪಟ್ಟಿಗಳನ್ನು ನೋಡಿದ್ದ, ಸತ್ತ ಹಾವಿನಂತೆ ಕರ್ರಗೆ. ಕೈ ಎತ್ತಿದ ಗಳಿಗೆಗೆ ಟೋಪಿಯೂ ಹಾಗೆಯೇ ಕಿತ್ತು ಬಂದರೆ? ಬಲಗೈಯನ್ನು ಎದೆಗೆ ಒತ್ತಿ, ಈಗ ತಾನೇ ಹುಟ್ಟಿದ ಮರಿಯಂತೆ ಕಂಬಳಿಯೊಳಗೆ ಕಾಪಾಡಿದ. ಗಂಗಕ್ಕ ಬೈದಳು, ಅತ್ತಳು. ಕುರಿಗಳು ಎತ್ತಪ್ಪನ ಹಿಂದೆ ಹೋಗುತ್ತಿದ್ದವು. ಜುಂಜಣ್ಣ ಬಯಲಂಚಿನ ಜಾಲಿಯ ಕೆಳಗೆ ಕೂತು ದೂರದ ಗುಡ್ಡದ ಮೇಲಿನ ಗಾಳಿ ಫ್ಯಾನುಗಳನ್ನು ನೋಡುತ್ತಿದ್ದ. ಒಂದೊಂದಕ್ಕೂ ಮೂರು ಕೈ, ಒಂದಕ್ಕೂ ನೋವಿಲ್ಲ. ನೋಡುತ್ತ ನೋಡುತ್ತ ರೆಪ್ಪೆ ಕೂಡುತ್ತಿತ್ತು, ಬೆಳ್ಳಿಯ ಗುಡ್ಡ ಮತ್ತೆ ಬರುತ್ತಿತ್ತು.

ಹದಿನೈದರಲ್ಲಿ ಹನ್ನೆರಡು ದಿನ ಹೋದವು. ರೀಸೋಲ್ ಅಂದ ನಾಲಿಗೆ ತನ್ನದೇ ಎಂದು ಜುಂಜೇಶನಿಗೆ ಗೊತ್ತಿತ್ತು. ಅವನು ಅಂಗಡಿಗೆ ರಜೆ ಹಾಕಿ ಬಂದ.

ಅಂದು ಮಧ್ಯಾಹ್ನ ಎತ್ತಪ್ಪ ಊಟಕ್ಕೆ ಹೊರಟು, "ಒಂದು ಗಳಿಗೆ ಕುರಿ ಕಡೆ ಕಣ್ಣಿಟ್ಟಿರು ಜುಂಜಣ್ಣ," ಎಂದು ಹೇಳಿ ಹೋದ. ಬಿಸಿಲು ನೆಲದಿಂದ ನೀರಿನಂತೆ ಏಳುತ್ತಿತ್ತು. ಕುರಿಗಳು ತಲೆಗೆ ತಲೆ ಕೊಟ್ಟು ನಿಂತಿದ್ದವು. ಜುಂಜಣ್ಣ ಅರ್ಧ ನಿದ್ದೆಯಲ್ಲಿದ್ದ.

"ಹ್ರ್ರ್ರೋ, ಬಾ ಬಾ ಬಾ..."

ತನ್ನದೇ ದನಿ! ಕನಸಿರಬೇಕು ಎಂದುಕೊಂಡ. ಬಾಯಿ ಮುಟ್ಟಿ ನೋಡಿಕೊಂಡ, ಮುಚ್ಚಿತ್ತು. ಮತ್ತೆ ಅದೇ ಕೂಗು, ದೂರದ ಲಂಟಾನ ಪೊದೆಯ ಹಿಂದಿನಿಂದ, ಕೊನೆಯ "ಬಾ"ದಲ್ಲಿ ತಾನು ಎಳೆಯುವ ರಾಗದ ಸಮೇತ. ಮೊದಲು ಕಿವಿ ನಿಮಿರಿಸಿದ್ದು ಕೆಂದಿ. ಅದು ಓಡಿತು. ಅದರ ಹಿಂದೆ ಇಡೀ ಹಿಂಡು, ಜುಂಜಣ್ಣನ ಮುಂದೆಯೇ, ಅವನ ಕಡೆ ತಿರುಗಿಯೂ ನೋಡದೆ.

"ಲೇ ಕೆಂದಿ! ನಾನಿಲ್ಲಿದೀನಿ!" ಎಂದು ಕೂಗಿದ. ಹಿಂಡು ನಿಂತಿತು. ಪೊದೆ ಕೂಗಿತು. ಹಿಂಡು ಆ ಕಡೆಗೆ. ಇವನು ಕೂಗಿದ. ಈ ಕಡೆಗೆ. ಒಂದು ಬಯಲಿಗೆ ಇಬ್ಬರು ಜುಂಜಣ್ಣಂದಿರು, ಕುರಿಗಳಿಗೆ ತಲೆ ಕೆಟ್ಟಿತು. ಕಡೆಗೆ ಕೆಂದಿ ಪೊದೆಯ ಜುಂಜಣ್ಣನನ್ನೇ ಆರಿಸಿಕೊಂಡು ನಡೆಯಿತು.

ಜುಂಜಣ್ಣ ಧಡಕ್ಕನೆ ಎದ್ದ. ದನಿ ಯಾರಾದರೂ ಕದಿಯಬಹುದು. ದೋಟಿ? ಜಾಲಿಗೆ ಒರಗಿಸಿದ್ದ ಗಳವನ್ನು ಎರಡೂ ಕೈಯಲ್ಲಿ ಬಾಚಿಕೊಂಡ. ಎಡಗೈ ಏರಿತು, ಬಲಗೈಯನ್ನೂ ಎಳೆದುಕೊಂಡು ಏರಿತು, ಎದೆ ದಾಟಿತು, ಕಿವಿ ದಾಟಿತು, ರುಮಾಲು ದಾಟಿತು. ಕೊಕ್ಕೆ ತಾಗಿದ್ದಕ್ಕೇ ಒಣಗಿದ ಕಾಯಿ ನಾಲ್ಕು ಪಟಪಟ ಉದುರಿದವು.

ಕೆಂದಿ ತಿರುಗಿತು. ಮೋಡದ ನೆರಳು ತಿರುಗಿದಂತೆ ಹಿಂಡೆಲ್ಲ ತಿರುಗಿ ಅವನ ಕಾಲಬುಡಕ್ಕೆ ಬಂದು ತುಂಬಿತು.

ಆಗ ನೋಡಿದ: ಬಲಗೈ ಆಕಾಶದಲ್ಲಿದೆ. ಗರಗರ ಇಲ್ಲ. ಯಾವ ಪಟ್ಟಿಯೂ ಕಿತ್ತು ಬೀಳಲಿಲ್ಲ. ಒಳಗೆ ಎಲ್ಲೋ, ನೀರಿಗೆ ಬಿದ್ದ ಸಣ್ಣ ಕಲ್ಲಿನಂಥ ತಂಪು.

ಪೊದೆಯ ಹಿಂದಿನಿಂದ ಜುಂಜೇಶ್ ಎದ್ದ. ಹಿಂಡು ಬಿಟ್ಟ ಒಂದು ಮೊಂಡು ಟಗರು ಅವನ ಅಂಗಿಯ ಅಂಚನ್ನು ಆಗಲೇ ನುಂಗುತ್ತಿತ್ತು. ಅವನ ಬೆನ್ನ ಹಿಂದೆ ಗಂಗಕ್ಕ, ಸೆರಗನ್ನು ಬಾಯಿಗೆ ತುರುಕಿಕೊಂಡು ನಡುಗುತ್ತಿದ್ದಳು. ಅವಳ ಹಿಂದೆ ಉಣ್ಣಲು ಹೋಗದ ಎತ್ತಪ್ಪ.

"ಮಾವ, ಇಳಿಸ್ಬ್ಯಾಡ!" ಜುಂಜೇಶ್ ಮೊಬೈಲ್ ಎತ್ತಿ ಹಿಡಿದ. "ಡಾಕ್ಟ್ರಿಗೆ ಫೋಟೋ ಕಳ್ಸಾಣ!"

"ಥೂ ನಿನ್ನ! ಡಾಕ್ಟ್ರು ಭುಜಕ್ಕೆ ಹಾಕಿದ್ರು, ನೀನು ತಲಿಗೇ ಹಾಕಿದೆಯಲ್ಲೋ ಟೋಪಿ!"

"ನನ್ನೇನ್ ಬೈತೀಯ, ನಿನ್ ಕೆಂದಿ ಕೇಳು. ಅದುಕ್ಕೆ ನನ್ ದನೀನೇ ಚೆಂದ ಅನ್ಸೈತೆ," ಎಂದವನೇ ಜುಂಜಣ್ಣನ ದನಿಯಲ್ಲಿ ಇನ್ನೊಮ್ಮೆ ಕೂಗಿದ. ಕೆಂದಿ ಕಾಯಿ ಅಗಿಯುವುದನ್ನು ನಿಲ್ಲಿಸಿ ಅವನನ್ನು ನೋಡಿತು, ಮಾವನನ್ನು ನೋಡಿತು, ಇಬ್ಬರೂ ಬೇಡವೆಂದು ಮತ್ತೆ ಅಗಿಯತೊಡಗಿತು.

ಗಂಗಕ್ಕ ನಕ್ಕಳು. ಎತ್ತಪ್ಪನೂ ನಕ್ಕ, ಸ್ವಲ್ಪ ಹುಳ್ಳಗೆ. ಅವರೆಲ್ಲರ ನಗುವನ್ನೂ ಮುಳುಗಿಸಿ, ದೋಟಿ ಎತ್ತಿ ಹಿಡಿದೇ, ಕುರಿಗಳು ಬೆದರಿ ಒಂದು ಸುತ್ತು ಸರಿಯುವಷ್ಟು ಗಟ್ಟಿಯಾಗಿ ನಕ್ಕವನು ಜುಂಜಣ್ಣ.