ಮೊದಲ ಪೀಸು

“ಎರಡು ಸಾವಿರದ ಆರುನೂರಾ? ಬಂಗಾರದಲ್ಲಿ ಮಾಡ್ತೀಯೇನೆ ಶಾಫ್ಟನ್ನ?”

ಯಾಸ್ಮೀನ್ ಮಾಡಿಕೊಟ್ಟಿದ್ದ ಮಾದರಿ ಶಾಫ್ಟನ್ನು ಸೊರಬದ ಮಧುಕೇಶ್ವರ ಮೇಜಿನ ಮೇಲೆ ಕುಕ್ಕಿದ. ಉರುಳಿ ಬೀಳುವ ಮೊದಲೇ ಅವಳು ಅದನ್ನು ಹಿಡಿದಳು. ಅವನದು ಜೋಳ ಬಿಡಿಸುವ ಯಂತ್ರಗಳ ಕಾರ್ಖಾನೆ. ಅವಳದು ಶಿಕಾರಿಪುರದ ಈ ವರ್ಕ್‌ಶಾಪು, ಅದರೊಳಗೆ ಕಂಪ್ಯೂಟರ್ ಹೇಳಿದಂತೆ ಕಬ್ಬಿಣ ಕಡೆಯುವ ಒಂದೇ ಒಂದು ಸಿಎನ್‌ಸಿ ಲೇತು. ನಾನೂರು ಶಾಫ್ಟಿನ ಈ ಆರ್ಡರು ಸಿಕ್ಕಿದರೆ ಲೇತು ಮಳೆಗಾಲವಿಡೀ ತಿರುಗುತ್ತದೆ. ತಪ್ಪಿದರೆ ಲೇತಿಗೇ ಗಿರಾಕಿ ಹುಡುಕಬೇಕು.

“ಕಬ್ಬಿಣಕ್ಕಲ್ಲ ರೀ ಕಾಸು. ತುದೀಲಿ ಈ ಕಚ್ಚು ಐತಲ್ಲ, ಇದಕ್ಕೆ. ಒಂದು ಮಗ್ಗುಲು ಆಳ, ಒಂದು ಮಗ್ಗುಲು ತೇಲು. ಬೇರೆ ಟೂಲು ತರಿಸ್ಬೇಕು, ಎರಡೆರಡು ಸಲ ಬಿಚ್ಚಿ ಕಟ್ಟಬೇಕು. ಅರ್ಧಕ್ಕಿಂತ ಜಾಸ್ತಿ ರೇಟು ಇದರದ್ದೇ.”

“ಮೆಷಿನ್ನಿಂದ ಬಿಚ್ಚಿದ ಹಳೇ ಶಾಫ್ಟನ್ನ ಕೂದಲೆಳೆ ಬಿಡದೆ ಅಳತೆ ಮಾಡಿ ಬರ್ದಿದೀನಿ ಮೇಡಂ,” ಎಂದ ಮಧುಕೇಶ್ವರನ ಹೊಸ ಇಂಜಿನಿಯರ್ ಅಭಿಜ್ಞ. “ಡ್ರಾಯಿಂಗಲ್ಲಿ ಇದ್ದಂಗೇ ಬೇಕು.”

ಯಾಸ್ಮೀನ್ ಮಾದರಿಯನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟಳು. ಈ ಕಚ್ಚಿನ ವಿಷಯಕ್ಕೆ ಸುಮ್ಮನಿರುವುದು ಅವಳಿಗೆ ಒಂದು ವಾರದಿಂದ ರೂಢಿಯಾಗಿತ್ತು.

“ನಿಮ್ಮಪ್ಪ ಹುಸೇನ್ ಸಾಬ್ರು ಕೈಲೇತಲ್ಲೇ ಇದೇ ಕಚ್ಚು ಹಾಕಿ ಮುನ್ನೂರಕ್ಕೆ ಕೊಟ್ಟಿದ್ರು ಮಾರಾಯ್ತಿ. ಕೆಲಸ ಅಂದ್ರೆ ಅದು! ನೀನು ಲಕ್ಷಗಟ್ಲೆ ಮೆಷಿನ್ನು ಇಟ್ಕಂಡು ಸುಲಿಗೆಗೆ ಕೂತಿದೀಯ,” ಎಂದ ಮಧುಕೇಶ್ವರ.

ಸುಲಿಗೆ ಎಂದದ್ದನ್ನು ಅವಳು ನುಂಗುತ್ತಿದ್ದಳೇನೋ. ಈ ಸೊಟ್ಟ ಕಚ್ಚನ್ನು ತೀರಿಹೋದ ಅಪ್ಪನ ಕೈಗೆ ಅಂಟಿಸಿದ್ದಕ್ಕೆ ಮೈಯೆಲ್ಲ ಉರಿದುಹೋಯಿತು. ದಡಕ್ಕನೆ ಎದ್ದು ಸ್ಟೂಲು ಹತ್ತಿದಳು.

ಆ ಗೋಡೆಯ ತುಂಬ ಮೊಳೆಗಳು, ಮೊಳೆಗೊಂದೊಂದು ಕಬ್ಬಿಣದ ತುಂಡು. ಯಾವ ಕೆಲಸ ಬಂದರೂ ಹುಸೇನ್ ಅದರ ಮೊದಲ ಪೀಸನ್ನು ಮಾರುತ್ತಿರಲಿಲ್ಲ. ಎಣ್ಣೆ ಸವರಿ, ತನ್ನ ಹೆಸರು, ಇಸವಿ ಬರೆದು ತಂತಿ ಕಟ್ಟಿ ಅಲ್ಲಿಗೆ ತೂಗುಹಾಕುತ್ತಿದ್ದ. ಹದಿನೆಂಟು ವರ್ಷದ ಹಿಂದೆ ಮಧುಕೇಶ್ವರನಿಗೆ ಮಾಡಿದ ಶಾಫ್ಟುಗಳ ಮೊದಲ ಪೀಸನ್ನು ಯಾಸ್ಮೀನ್ ಬಿಚ್ಚಿ ತಂದು ಮಾದರಿಯ ಪಕ್ಕ ಇಟ್ಟಳು. ಅದರ ತುದಿ ನುಣ್ಣಗಿತ್ತು.

“ಎಲ್ಲೈತಿ ಕಚ್ಚು? ತೋರಿಸ್ರಿ! ಬೇರಿಂಗು ತಿರುಗಿ ತಿರುಗಿ ನಿಮ್ಮ ಹಳೇ ಶಾಫ್ಟನ್ನ ತಿಂದಿರೋ ಸವಕಳಿ ರೀ ಅದು. ನಿಮ್ಮ ಇಂಜಿನಿಯರ್ರು ಸವಕಳೀನೂ ಅಳತೆ ಮಾಡ್ಕಂಡು ಬಂದಾರೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದಂಗೆ!”

ಅಭಿಜ್ಞನ ಕಿವಿ ಕೆಂಪಾಯಿತು. ಮಧುಕೇಶ್ವರ ಎರಡರ ಮೇಲೂ ಹೆಬ್ಬೆರಳು ಎಳೆದು ನೋಡಿದ. ಅವನೇನು ದಡ್ಡನಲ್ಲ.

“ಕಚ್ಚಿಲ್ದೆ ಎಷ್ಟು?”

“ಸಾವಿರದ ನೂರು.”

“ಇದು ಇಲ್ಲೇ ನೇತಾಡ್ತಿತ್ತು,” ಎಂದ ಅವನು ನಿಧಾನಕ್ಕೆ. “ನಿಂಗೆ ಯಾವಾಗಿಂದ ಗೊತ್ತು?”

ಡ್ರಾಯಿಂಗು ಬಂದ ದಿನದಿಂದಲೇ ಗೊತ್ತಿತ್ತು. ಅವತ್ತೇ ಸ್ಟೂಲು ಹತ್ತಿ ನೋಡಿ, ಇದ್ದಲ್ಲೇ ಬಿಟ್ಟು, ಕಚ್ಚಿಗೂ ಸೇರಿಸಿ ರೇಟು ಹೇಳಿದ್ದಳು. ಕೇಳಿದ್ದನ್ನು ಮಾಡಿಕೊಟ್ಟರೆ ಅದು ಮೋಸ ಹೇಗಾಗುತ್ತದೆ ಎಂದು ತನ್ನೊಳಗೇ ವಾದ ಮಾಡಿ ಗೆದ್ದೂ ಇದ್ದಳು. ಈಗ ಅಪ್ಪನ ಶಾಫ್ಟನ್ನು ತನ್ನ ಕಡೆಗೆ ಎಳೆದುಕೊಂಡಳು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

“ಸಾಬ್ರಾಗಿದ್ರೆ ಅವತ್ತೇ ಫೋನ್ ಮಾಡಿರೋರು.” ಮಧುಕೇಶ್ವರ ಅಭಿಜ್ಞನ ಜೇಬಿನ ಪೆನ್ನು ಕಿತ್ತುಕೊಂಡು ಡ್ರಾಯಿಂಗಿನಲ್ಲಿದ್ದ ಕಚ್ಚನ್ನು ಹೊಡೆದುಹಾಕಿದ. “ಇಷ್ಟು ಸಲೀಸು ಕೆಲಸನ ಶಿವಮೊಗ್ಗದಲ್ಲಿ ಯಾರು ಬೇಕಾದ್ರೂ ಮಾಡ್ತಾರೆ. ನಡಿಯಾ.”

ಜೀಪು ಹೊರಟುಹೋಯಿತು. ಅವಳು ಮಾಡಿಕೊಟ್ಟಿದ್ದ ಮಾದರಿ ಮೇಜಿನ ಮೇಲೆಯೇ ಉಳಿದಿತ್ತು.

ಯಾಸ್ಮೀನ್ ಅಪ್ಪನ ಶಾಫ್ಟನ್ನು ಅದರ ಮೊಳೆಗೆ ಸಿಕ್ಕಿಸಿದಳು. ಆಮೇಲೆ ಮಾದರಿಯನ್ನು ಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ, ಬಿಳಿ ಬಣ್ಣದಲ್ಲಿ ತನ್ನ ಹೆಸರು ಬರೆದಳು, ಇಸವಿ ಬರೆದಳು. ತಂತಿ ಕಟ್ಟಿ, ಅಪ್ಪನದರ ಪಕ್ಕದ ಮೊಳೆಗೆ, ಕಚ್ಚು ಮುಂದಕ್ಕೆ ಕಾಣುವಂತೆ ತೂಗುಹಾಕಿದಳು.