ಒಂದು ಇಟ್ಟಿಗೆಯ ಮುಯ್ಯಿ

ಬೇಸಿಗೆಯ ಕೊನೆಯ ಗಾಳಿ ಬೀಸುತ್ತಿತ್ತು. ಮಳೆಗೆ ಇನ್ನು ಹತ್ತೋ ಹನ್ನೆರಡೋ ದಿನ. ಮುದುಕ ಮೇಸ್ತ್ರಿ ತನ್ನ ಮನೆಯ ನಡುಕೋಣೆಯಲ್ಲಿ ಕಾಲು ಚಾಚಿ ಕೂತು, ತೊಡೆಯ ಮೇಲಿನ ಗಾಜಿನ ಹಲಗೆಯಲ್ಲಿ ಎರಡು ಮೈಲಿ ಆಚೆ ಏಳುತ್ತಿದ್ದ ಗೋಡೆಯನ್ನು ನೋಡುತ್ತಿದ್ದ. ಅಲ್ಲಿ ಯಂತ್ರದ ತೋಳು ಇಟ್ಟಿಗೆ ಎತ್ತುತ್ತಿತ್ತು, ಗಾರೆ ಮೆತ್ತಿಕೊಳ್ಳುತ್ತಿತ್ತು, ಇಡುತ್ತಿತ್ತು. ಸದ್ದೇ ಇಲ್ಲ. ಕೆರೆಯ ತಳದಲ್ಲಿ ಯಾರೋ ಮನೆ ಕಟ್ಟುತ್ತಿರುವ ಹಾಗೆ. ಕಿಟಕಿಯ ಬೆಳಕು ಗಾಜಿನ ಮೇಲೆ ಅಲುಗಿದರೆ ಗೋಡೆಯೂ ಅಲುಗಿದಂತಾಗಿ, ಹಿಡಿಯಲೆಂದು ಅವನ ಅಂಗೈ ತಾನಾಗಿ ಮೇಲೇಳುತ್ತಿತ್ತು.

ಯಂತ್ರ ಓಡಿಸುವವಳು ಸೊಸೆ. ಕೈಯಾಳು ಸಿಗದೆ ಅರ್ಧಕ್ಕೆ ನಿಂತ ಮನೆಗಳು ಸುತ್ತಮುತ್ತ ಹೆಚ್ಚಾದ ಮೇಲೆ ಅವಳೇ ಕಲಿತು, ಬಾಡಿಗೆಗೆ ತಂದಿದ್ದಳು. ನೇರ ಸಾಲನ್ನು ಅದು ತಾನೇ ಕಟ್ಟುತ್ತಿತ್ತು. ಮೂಲೆ ಬಂದರೆ, ಕಿಟಕಿಯ ಅಂಚು ಬಂದರೆ, ಕಣ್ಣು ಪಳಗಿದವರು ಗಾಜಿನ ಮೇಲೆ ಬೆರಳಾಡಿಸಿ ಹೇಳಬೇಕು. ಮೊಣಕಾಲು ಕೈಕೊಟ್ಟು ಆರು ವರ್ಷದಿಂದ ಮನೆ ಹಿಡಿದಿದ್ದ ಮಾವನನ್ನು ಆ ಕೆಲಸಕ್ಕೆ ಕೂರಿಸಿದ್ದಳು. ಕೂತಲ್ಲೇ ಊರೆಲ್ಲ ಕಟ್ಟುತ್ತಾನಂತೆ ಎಂದು ಜನ ನಗುತ್ತಿದ್ದರು. ಅವನಿಗೂ ನಗು ಬರುತ್ತಿತ್ತು.

ಇವತ್ತಿನ ಗೋಡೆ ಮಾತ್ರ ಹಾಗಲ್ಲ. ಅದು ಬಡಗಿಯ ಕೆಲಸದ ಕೋಣೆಯದು. ಬಡಗಿ ಸೊಸೆಯ ತಂದೆ. ಬೀಗರಾಗುವುದಕ್ಕೂ ಎಷ್ಟೋ ಮುಂಚೆ, ಮೇಸ್ತ್ರಿ ಅಟ್ಟಣಿಗೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಾಗ, ಒಂದಿಡೀ ದಿನ ನಿಂತು ಇವನ ಮನೆಗೆ ತೊಲೆ ಕೂರಿಸಿಕೊಟ್ಟಿದ್ದ. ಕೂಲಿ ಕೊಡಹೋದರೆ ಮುಟ್ಟಲಿಲ್ಲ. ದಿನಕ್ಕೆ ದಿನ, ನನ್ನ ಗೋಡೆಗೆ ನೀವು ಬನ್ನಿ, ಮುಯ್ಯಿ ತೀರುತ್ತದೆ ಎಂದಿದ್ದ. ಗೋಡೆ ಏಳುವ ಕಾಲ ಬರುವಷ್ಟರಲ್ಲಿ ಇವನೇ ಏಳಲಾರದವನಾದ. ಹೆಣ್ಣು ಕೊಟ್ಟೆ ಅಂತ ಮುಯ್ಯಿ ಬಿಟ್ಟೇನು ಅಂದುಕೋಬೇಡಿ ಎಂದು ಬಡಗಿ ಬಂದಾಗಲೆಲ್ಲ ಕೆಣಕುತ್ತಿದ್ದ. ಎಲ್ಲರೊಂದಿಗೆ ಮೇಸ್ತ್ರಿಯೂ ನಗುತ್ತಿದ್ದ. ಅವನು ಹೋದ ಮೇಲೆ ಮಾತ್ರ ತಲೆಯೆತ್ತಿ ಆ ತೊಲೆಯನ್ನೇ ನೋಡುತ್ತ ಕೂರುತ್ತಿದ್ದ.

ಅದಕ್ಕೇ ಇವತ್ತು ಬೆಳಿಗ್ಗೆ ತಲೆಗೆ ಬಟ್ಟೆ ಸುತ್ತಿ, ಗಾರೆ ಮೆತ್ತುವ ಹಳೆಯ ಕರಣೆಯನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದ. ಸಂಜೆಯೊಳಗೆ ಮುಯ್ಯಿ ತೀರಬೇಕು.

ಮಧ್ಯಾಹ್ನ ಕಳೆಯಿತು. ಕಿಟಕಿಯ ಪಕ್ಕದ ಸಾಲು. ಯಂತ್ರ ಒಂದು ಇಟ್ಟಿಗೆ ಒತ್ತಿದಾಗ ಸಂದಿಯಿಂದ ಗಾರೆ ಹೊರಗೆ ಉಕ್ಕಿತು. ನಲವತ್ತು ವರ್ಷ ಮಾಡಿದಂತೆಯೇ ಮೇಸ್ತ್ರಿ ಗಾಜಿನ ಮೇಲೆ ಹೆಬ್ಬೆರಳಿಟ್ಟು ಅದನ್ನು ತನ್ನ ಕಡೆಗೆ ಒರೆಸಿ, ಬೆರಳನ್ನು ಪಂಚೆಗೆ ಉಜ್ಜಿಕೊಂಡ. ಬೆರಳು ಒಣಗಿತ್ತು. ಇದೇನಿದು ಎಂದು ಅದನ್ನೇ ನೋಡುತ್ತ, ಒದ್ದೆ ಗಾರೆಯ ತಂಪನ್ನು ನೆನೆಯುತ್ತ ಎಷ್ಟು ಹೊತ್ತು ಕೂತನೋ. ಮತ್ತೆ ಗಾಜು ನೋಡಿದಾಗ ಆ ಇಟ್ಟಿಗೆ ಹೆಬ್ಬೆರಳಿನಷ್ಟು ಕೋಣೆಯ ಒಳಕ್ಕೆ ಚಾಚಿಕೊಂಡಿತ್ತು. ಗಾಜಿನ ಮೇಲೆ ಬೆರಳು ಎಳೆದದ್ದನ್ನೇ ಅಪ್ಪಣೆಯೆಂದುಕೊಂಡು ಯಂತ್ರ ಇಟ್ಟಿಗೆ ಎಳೆದಿತ್ತು. ಅದರ ಮೇಲೆ ಆಗಲೇ ಮೂರು ಸಾಲು ಕೂತಿದ್ದವು.

ಗಾಜಿನಲ್ಲಿ ಮಾತಿನ ಗುಂಡಿ ಒತ್ತಿ, ಸೊಸೆಗೆ ಹೇಳಿ ಯಂತ್ರ ನಿಲ್ಲಿಸಿದ. ಗಾಜಿನೊಳಗೆ ಬಡಗಿಯ ಮುಖ ಬಂತು, ಕಿವಿಯ ಸಂದಿಯಲ್ಲಿ ಎಂದಿನ ಪೆನ್ಸಿಲ್.

ಮೂರು ಸಾಲೂ ಬಿಚ್ಚಿಸಿ, ಗಾಡಿ ಕಳಿಸಿ, ಕೂತುಕೊಂಡೇ ನನ್ನ ಕೈಯಾರೆ ಕಟ್ಟಿಕೊಡುತ್ತೇನೆ ಎಂದ ಮೇಸ್ತ್ರಿ. ಮಾತು ತೊದಲುತ್ತಿತ್ತು. ಬಡಗಿ ಗೋಡೆಯ ಮೇಲೆ ಅಂಗೈ ಆಡಿಸುತ್ತ ಬಂದು ಆ ಇಟ್ಟಿಗೆಯ ಹತ್ತಿರ ನಿಲ್ಲಿಸಿದ.

"ಇದು ನೀವು ಇಟ್ಟಿದ್ದು ತಾನೇ ಬೀಗ್ರೇ?"

"ಇಟ್ಟಿದ್ದಲ್ಲ, ಕೆಡಿಸಿದ್ದು."

"ಕೈ ನಿಮ್ದೇ ತಾನೇ?"

ಮೇಸ್ತ್ರಿ ಹೂಂ ಎಂದ.

"ಹಾಗಾದ್ರೆ ಒಂದು ಇಟ್ಟಿಗೆಯಷ್ಟು ತೀರ್ತು. ಇದನ್ನ ಯಾರೂ ಮುಟ್ಟೋದು ಬೇಡ. ಮಿಕ್ಕಿದ ಮುಯ್ಯಿ ಹಾಗೇ ಇರ್ಲಿ, ಮಳೆ ಕಳೀಲಿ, ನೋಡೋಣ."

ಅಪ್ಪ, ಮುಂದಿನ ಸಾಲು ಹಾಕ್ಲಾ ಎಂದು ಸೊಸೆ ಕೇಳಿದ್ದು ಕೇಳಿಸಿತು. ಬಡಗಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದ. ಚಾಚಿಕೊಂಡ ಇಟ್ಟಿಗೆಯ ಮೇಲೆ ಅದನ್ನು ಅಡ್ಡಕ್ಕಿಟ್ಟು, ಬೀಳುತ್ತದೋ ಏನೋ ಎಂದು ಒಂದು ಕ್ಷಣ ನೋಡಿ, ಆಚೆ ಹೋದ.

ಯಂತ್ರ ಮತ್ತೆ ಸದ್ದಿಲ್ಲದೆ ಇಟ್ಟಿಗೆ ಎತ್ತತೊಡಗಿತು. ಅಲ್ಲಿ ಗಾಳಿಗೆ ಪೆನ್ಸಿಲ್ ಸ್ವಲ್ಪ ಉರುಳಿ ನಿಂತಿತು. ಮೇಸ್ತ್ರಿಯ ಹೆಬ್ಬೆರಳು ಗಾಜಿನ ತನಕ ಹೋಗಿ, ಮುಟ್ಟದೆ, ಅಲ್ಲೇ ಉಳಿಯಿತು.