ಸೂರಪ್ಪನ ಸೂಜಿ

ಸೂರಪ್ಪನ ಹೆಸರೆತ್ತಿದರೆ ಸಾಕು, ಶಾಂತಕುಮಾರಿಗೆ ಮೈಯೆಲ್ಲ ಉರಿ. ನಂದಿಗುಡಿಯ ಆ ಕಾಂಪೌಂಡರ್ ತೊಂಬತ್ತಾರರಲ್ಲಿ ಅವಳ ಮಗಳು ಕೃತಿಕಾಗೆ ಜ್ವರವೆಂದು ಐದು ದಿನ ಇಂಜೆಕ್ಷನ್ ಚುಚ್ಚಿದ್ದ. ಜ್ವರ ಬಿಟ್ಟಿತು, ಕಿವಿಯೂ ಹೋಯಿತು. ಮಂಡಿಪೇಟೆಯಲ್ಲಿ ಗೊತ್ತಾಗಿದ್ದ ಅವಳ ಮದುವೆ ಸಂಬಂಧ ಮುರಿದುಬಿತ್ತು. ಡೋಸು ಹೆಚ್ಚು ಮಾಡಿದ್ದಾನೆ ಎಂದು ಅವಳು ಊರೆಲ್ಲ ಸಾರಿದಳು. ಸೂರಪ್ಪ ದವಾಖಾನೆ ಮುಚ್ಚಿ ಹರಿಹರ ಸೇರಿದ.

ಎರಡು ವರ್ಷದ ಮೇಲೆ ಮಗ ವೀರೇಶನಿಗೆ ಕಿಡ್ನಿಯ ಸೋಂಕು. ದಾವಣಗೆರೆಯ ಆಸ್ಪತ್ರೆಯಲ್ಲಿ ಅವಳು ಪ್ರತಿ ಬಾಟಲಿಯ ತಾರೀಖನ್ನೂ ಓದಿ ನೋಡುತ್ತಿದ್ದಳು. ಕೃತಿಕಾ ತಮ್ಮನ ಕಾಲ ಬಳಿ ಕೂತು ಗಂಜಿ ಆರಿಸುತ್ತಿದ್ದಳು.

"ನಿಮ್ಮ ತವರಿನ್ಯಾಗ ಇನ್ಯಾರಿಗಾದ್ರೂ ಸೂಜಿಯಿಂದ ಕಿವಿ ಹೋಗೈತೇನ್ರಿ?" ಡಾಕ್ಟರ್ ನುಜತ್ ಕೇಳಿದರು.

"ತವರಿನ ಸುದ್ದಿ ಯಾಕ್ರಿ ನಿಮಗ? ಚುಚ್ಚಿದೋನು ಸೂರಪ್ಪ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಈ ಡಾಕ್ಟರಮ್ಮನೂ ಸೂರಪ್ಪನ ಕಡೆಯವಳೇ ಇರಬೇಕು, ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚುತ್ತಾರೆ ಎಂದುಕೊಂಡಳು.

ನುಜತ್ ಚೀಟಿಯ ಹಿಂದೆ ಚಿತ್ರ ಬರೆದರು. "ನಮ್ಮ ಜೀವಕೋಶದಾಗ ಮೈಟೋಕಾಂಡ್ರಿಯಾ ಅಂತ ಸಣ್ಣ ಒಲೆಗಳು ಅದಾವು. ಅವುಗಳ ಒಳಗೆ ಪ್ರೋಟೀನ್ ಕಟ್ಟೋ ಯಂತ್ರ. ರೋಗಾಣುವಿನಾಗೂ ಅಂಥದ್ದೇ ಇರ್ತೈತೆ, ಕೃತಿಕಾಗೆ ಚುಚ್ಚಿದ ಈ ಔಷಧಿ ಅದಕ್ಕೆ ಅಂಟಿ ಕೆಡಿಸ್ತೈತೆ. ಕೆಲವು ಮನೆತನದಾಗ ನಮ್ಮ ಯಂತ್ರದ ಒಂದು ಮೂಲೆ ರೋಗಾಣುವಿನ ಯಂತ್ರದಂಗೇ ಇರ್ತೈತೆ. ಔಷಧಿ ಅಲ್ಲೂ ಅಂಟ್ತೈತೆ. ಡೋಸು ಸರಿ ಇದ್ರೂ ಕಿವಿ ಹೋಗ್ತೈತೆ. ಇದು ತಾಯಿಯಿಂದಷ್ಟೇ ಬರೋದು." ಪೆನ್ನು ಮುಚ್ಚಿದರು. "ಸೂರಪ್ಪ ಡೋಸು ತಪ್ಪಿದ್ದೇ ನಿಜ ಆದ್ರೆ ವೀರೇಶಗೆ ಇದೇ ಒಳ್ಳೇ ಔಷಧಿ. ಮನೆತನದ್ದಾದ್ರೆ ಒಂದು ತೊಟ್ಟೂ ಕೊಡಂಗಿಲ್ಲ."

ಕೊಂಡಜ್ಜಿ ಊರಿನ ತವರುಮನೆಯಲ್ಲಿ ಶಾಂತಕುಮಾರಿಯ ಅಣ್ಣ ಬಕ್ಕೇಶನಿದ್ದ. ಕ್ಷಯಕ್ಕೆ ಸೂಜಿ ಹಾಕಿಸಿಕೊಂಡು ಕಿವುಡಾದವನು. ಪಟಾಕಿ ಸಿಡಿದು ಕಿವಿ ಹೋಯಿತೆಂದು ಮನೆಯವರೆಲ್ಲ ಹೇಳಿಕೊಂಡು ಬಂದಿದ್ದರು, ಹೆಣ್ಣು ಕೊಡುವ ತರುವ ಮನೆಯಲ್ಲಿ ಇಂಥದ್ದು ಆಡಬಾರದು. ಕೃತಿಕಾಗೆ ಜ್ವರ ಬಂದ ದಿನ ಸೂರಪ್ಪ ಸೂಜಿ ಹಿಡಿದು, "ಮನ್ಯಾಗ ಯಾರಿಗಾದ್ರೂ ಇದು ಆಗಿಬರಂಗಿಲ್ಲೇನ್ರಿ ಅಕ್ಕಾರೆ?" ಎಂದು ಎರಡು ಸಲ ಕೇಳಿದ್ದ. ಮಂಡಿಪೇಟೆಯ ಬೀಗಿತ್ತಿ ಎದುರಿಗೇ ಕೂತಿದ್ದಳು. ಯಾರಿಗೂ ಏನಿಲ್ಲ ಎಂದು ನಕ್ಕಿದ್ದಳು ಶಾಂತಕುಮಾರಿ.

ನರ್ಸು ಅದೇ ಔಷಧಿ ತುಂಬಿದ ಸಿರಿಂಜ್ ತಂದಳು. ಶಾಂತಕುಮಾರಿ ಅಡ್ಡ ಬಂದಳು.

"ಬ್ಯಾಡ್ರಿ!" ನರ್ಸಿನ ಕೈ ಹಿಡಿದಳು. "ನಮ್ಮಣ್ಣಗೂ ಹಿಂಗೇ ಆಗಿತ್ತು. ಸೂರಪ್ಪ ಕೇಳಿದ್ದ, ನಾನೇ ಸುಳ್ಳು ಹೇಳಿದೆ."

ಮಾತು ಮುಗಿದ ಮೇಲೆ ಮಗಳ ಕಡೆ ತಿರುಗಿದಳು. ಕೃತಿಕಾ ಅವಳ ಬಾಯನ್ನೇ ನೋಡುತ್ತಿದ್ದಳು. ಈ ಎರಡು ವರ್ಷದಲ್ಲಿ ಅವಳು ತುಟಿ ನೋಡಿ ಮಾತು ತಿಳಿಯುವುದನ್ನು ಚೆನ್ನಾಗಿ ಕಲಿತಿದ್ದಳು. ಗಂಜಿಯ ಲೋಟ ಕೆಳಗಿಟ್ಟು ಎದ್ದು ಹೊರಗೆ ನಡೆದಳು.